ಚುಕ್ಕೆ ಎಣಿಸುವ ದಿಕ್ಕು

ಈ ವೃತ್ತಾಂತವನ್ನು ಕೈಗೆತ್ತಿಕೊಂಡಿರುವ ವಾಚಕ ಮಹಾಶಯರಲ್ಲಿ ಲೇಖಕನ ಸವಿನಯ ವಿಜ್ಞಾಪನೆ: ಇದರಲ್ಲಿ ಎಣ್ಣೆಯೂ ಇದೆ, ರಕ್ತವೂ ಇದೆ. ಮೃದುಹೃದಯದವರು ಎಣ್ಣೆಯ ಭಾಗಗಳನ್ನು ಮಾತ್ರ ಓದಿ, ರಕ್ತದ ಭಾಗ ಬಂದಾಗ ಹಾಳೆ ಮಗುಚಬಹುದೆಂದು ಸಲಹೆ ನೀಡುವ ಮನಸ್ಸು ನನಗೂ ಇತ್ತು. ಆದರೆ ಬರೆಯುತ್ತ ಹೋದಂತೆ ಅವೆರಡೂ ಒಂದೇ ಬೋಗುಣಿಗೆ ಬಿದ್ದವಾದ್ದರಿಂದ, ಬೇರ್ಪಡಿಸುವ ಹೊಣೆಯನ್ನು ತಮಗೇ ಒಪ್ಪಿಸಿ ಮುಂದುವರಿಯುತ್ತೇನೆ.

ಊರಿಂದ ಊರಿಗೆ ಅಲೆಯುತ್ತ ಹಳೆಯ ಇಂಜಿನ್ನುಗಳನ್ನು ಬಿಚ್ಚಿ ಕಟ್ಟುವುದು ನನ್ನ ಕಸುಬು. ಒಂದು ದಿನ ಬಸ್ ನಿಲ್ದಾಣದ ಪಕ್ಕದಲ್ಲಿ ಯಾರದೋ ಲಾರಿಯ ಕೆಳಗೆ ಮಲಗಿ ನಟ್ಟು ಬಿಗಿಯುತ್ತಿದ್ದಾಗ, ಹೆಂಗಸೊಬ್ಬಳ ಪಾದಗಳೆರಡು ಬಂದು ನನ್ನ ಕಾಲಿನ ಪಕ್ಕದಲ್ಲಿ ನಿಂತವು.

"ಹಳೇ ಫೋರ್ ವೀಲ್ ಜೀಪಿನ ಇಂಜಿನ್ ಕಟ್ಟಿದೀಯಾ, ಮೇಸ್ತ್ರಿ?" ಎಂದಿತು ಮೇಲಿನ ದನಿ.

"ಕಟ್ಟಿದೀನಿ."

"ಪೂರ್ತಿ ಬಿಚ್ಚಿ ಬಿದ್ದಿದ್ರೆ?"

"ಬಿಚ್ಚಿದ್ದನ್ನೇ ಅಲ್ವಾ ಕಟ್ಟೋದು."

"ಒಂದೊಂದು ಭಾಗ ಒಬ್ಬೊಬ್ರ ಹತ್ರ ಇದ್ರೆ? ಕೇಳಿದ್ರೆ ಒದೆ ಕೊಡ್ತಾರೆ ಅಂತಿದ್ರೆ?"

ನಾನು ಲಾರಿಯಡಿಯಿಂದ ಜಾರಿ ಹೊರಬಂದೆ. ನಲವತ್ತರ ಆಸುಪಾಸಿನ ಹೆಂಗಸು. ಹೆಗಲು ಅಗಲ. ಮುಂಗೈಯಲ್ಲಿ ಬಿಸಿ ಸೈಲೆನ್ಸರು ತಾಗಿ ಆದ ಹಳೆಯ ಸುಟ್ಟ ಗುರುತು. ಅವಳನ್ನು ಬೀದಿಯವರೆಲ್ಲ ಅಕ್ಕ ಎನ್ನುತ್ತಿದ್ದರು. ನಾನೂ ಅಕ್ಕ ಎಂದೆ. ಒದೆಯ ವಿಷಯವನ್ನು ತಮಾಷೆಯೆಂದುಕೊಂಡು ಚೀಲ ಹೆಗಲಿಗೇರಿಸಿದೆ.

ಅವಳ ಕಥೆ ಇಷ್ಟು. ಅಪ್ಪ ಆ ಬೀದಿಯಲ್ಲೇ ಹೆಸರಾದ ಮೆಕ್ಯಾನಿಕ್ಕು. ಅವನಿಗೆ ಮೂವರು ಮಕ್ಕಳು: ಹಿರಿಯವಳು ಅಕ್ಕ, ನಡುವಿನವನು ಹೋರಿ, ಕಿರಿಯವನು ಸೂಜಿ. ಇವು ಬೀದಿ ಇಟ್ಟ ಹೆಸರುಗಳು, ಇಟ್ಟವರ ಜಾಣತನ ಮೆಚ್ಚತಕ್ಕದ್ದು; ಒಬ್ಬನಿಗೆ ಕುತ್ತಿಗೆಯೇ ಇರಲಿಲ್ಲ, ಇನ್ನೊಬ್ಬನಿಗೆ ಕುತ್ತಿಗೆಯ ಹೊರತು ಬೇರೇನೂ ಇದ್ದಂತೆ ಕಾಣುತ್ತಿರಲಿಲ್ಲ. ಸಾಯುವ ಮುಂಚೆ ಅಪ್ಪ ನೆರೆಯವರೆದುರು ಬಾಯಿಬಿಟ್ಟು ಹೇಳಿದ್ದ: ವರ್ಕ್‌ಶಾಪು ಗಂಡುಮಕ್ಕಳಿಗೆ, ಗಾಡಿ ಅವಳಿಗೆ. ಹೆಣ ಸುಟ್ಟು ಬಂದ ವಾರದೊಳಗೆ ತಮ್ಮಂದಿರಿಬ್ಬರೂ ಸೇರಿ ಜೀಪಿನ ಇಂಜಿನ್ನನ್ನು ಇಳಿಸಿ, ಬಿಚ್ಚಿ, ಹಂಚಿಕೊಂಡುಬಿಟ್ಟರು.

"ಗಾಡಿ ಅಂದ ಅಪ್ಪ. ಇಂಜಿನ್ ಅಂತ ಎಲ್ಲಿ ಅಂದ?" ಎಂಬುದು ಹೋರಿಯ ನ್ಯಾಯ. "ಗಾಡಿ ನಿನ್ನದೇ ಕಣೇ, ತಗೊಂಡು ಹೋಗು. ಎತ್ತು ಕಟ್ಟಿಕೊಂಡು ಹೋಗು."

ಇಂಜಿನ್ನಿನ ಒಡಲಾದ ಬ್ಲಾಕು ಮತ್ತು ಅದರೊಳಗೆ ತಿರುಗುವ ಉಕ್ಕಿನ ದಂಡವಾದ ಕ್ರ್ಯಾಂಕು ಹೋರಿಯ ಪಾಲಿಗೆ ಬಂದವು. ಬ್ಲಾಕಿನ ಮೇಲೆ ಕೂರುವ ತಲೆ, ಪಿಸ್ಟನ್ನುಗಳು, ರಾಡುಗಳು ಸೂಜಿಯ ಪಾಲಿಗೆ. ಅಕ್ಕನ ಪಾಲಿಗೆ ಮೂಗು ಟೊಳ್ಳಾದ ಜೀಪು, ಮತ್ತು ಮನೆಯ ಹಿಂಭಾಗದ ಅಡಿಗೆಕೋಣೆ.

"ಬೆಟ್ಟದ ಮೇಲೆ ಕಲ್ಲುಗಣಿ ಇದೆಯಲ್ಲ, ಅಲ್ಲಿಗೆ ನೀರು, ಸಾಮಾನು ಹೊಡೆಯೋ ಕೆಲಸ ಸಿಕ್ಕಿದೆ ನನಗೆ," ಎಂದಳು ದಾರಿಯಲ್ಲಿ. "ಇರೋಕೆ ಅಲ್ಲೇ ಒಂದು ರೂಮು. ಮಾಮೂಲಿ ಗಾಡಿ ಆ ದಾರಿ ಹತ್ತಲ್ಲ, ನಾಲ್ಕೂ ಚಕ್ರ ಎಳೀಬೇಕು. ತಿಂಗಳ ಕೊನೆ ತನಕ ಕಾಯ್ತೀನಿ ಅಂದಿದಾನೆ ಗಣಿಯವನು. ಇಂಜಿನ್ ಓಡಿತು ಅಂದ್ರೆ ನಾನು ಬೆಟ್ಟದ ಮೇಲೆ. ಓಡಲಿಲ್ಲ ಅಂದ್ರೆ ಸಾಯೋ ತನಕ ಇವರಿಬ್ಬರ ತಟ್ಟೆ ತೊಳ್ಕೊಂಡು ಬಿದ್ದಿರಬೇಕು. ಅರ್ಥ ಆಯ್ತಾ?"

ಅರ್ಥವಾಗದಿರಲು ಅದರಲ್ಲೇನೂ ಇರಲಿಲ್ಲ.

ವರ್ಕ್‌ಶಾಪು ಉದ್ದನೆಯ ತಗಡಿನ ಕೊಟ್ಟಿಗೆ. ನೆಲದ ನಟ್ಟನಡುವೆ ಹಳದಿ ಬಣ್ಣದ ಒಂದು ಗೆರೆ ಮುಂದಿನ ಕಬ್ಬಿಣದ ಗೇಟಿನಿಂದ ಹಿಂದಿನ ಗೋಡೆಯವರೆಗೆ ಹರಿದಿತ್ತು. ಎಡಕ್ಕೆ ಹೋರಿ, ಬಲಕ್ಕೆ ಸೂಜಿ. ಇಬ್ಬರ ಕೆಲಸದ ಮೇಜೂ ಒಂದೇ ಬಗೆಯದು, ಇಬ್ಬರ ಇಕ್ಕಳವೂ ಒಂದೇ ಬಗೆಯದು, ಬೈಗುಳ ಮಾತ್ರ ಬೇರೆಬೇರೆ. ಹಿಂದಿನ ಗೋಡೆಗೊರಗಿ ಟಾರ್ಪಾಲು ಹೊದ್ದ ಜೀಪು ನಿಂತಿತ್ತು. ಗೆರೆ ಸರಿಯಾಗಿ ಅದರ ಹೊಟ್ಟೆಯಡಿ ನುಗ್ಗಿತ್ತು.

ಮೊದಲ ಒದೆ ಬಿದ್ದದ್ದು ಕ್ರ್ಯಾಂಕಿನ ವಿಷಯಕ್ಕೆ.

ಹೋರಿ ಅದನ್ನು ಮೇಜಿನ ಕೆಳಗೆ ಗೋಣಿಯ ಮೇಲೆ ಮಲಗಿಸಿದ್ದ. ಬೆಳಗ್ಗೆ ಎದ್ದು ಅದನ್ನೇ ಎತ್ತಿ ಇಳಿಸಿ ತೋಳು ಬೆಳೆಸುವುದು ಅವನ ರೂಢಿಯಾಗಿತ್ತಂತೆ. "ಎತ್ತಿಕೊಂಡು ಗೆರೆ ದಾಟು, ಇದೂ ಬ್ಲಾಕೂ ಎರಡೂ ನಿನ್ನವು," ಎಂದ. ಅಕ್ಕ ಬಗ್ಗಿ, ಮಗುವನ್ನೆತ್ತುವಂತೆ ಎರಡೂ ತೋಳು ಅಡಿಗೆ ಕೊಟ್ಟು ಎತ್ತಿಕೊಂಡಳು. ಅವಳು ಗೆರೆಯ ಹತ್ತಿರ ಬರುತ್ತಲೇ ಹೋರಿ ನಗುನಗುತ್ತ ಅವಳ ಮೊಣಕಾಲಿನ ಹಿಂಬದಿಗೆ ಬೂಟಿನಿಂದ ಒದ್ದ.

ಯಾರೇ ಆದರೂ ಕೈಯಲ್ಲಿದ್ದುದನ್ನು ಬಿಟ್ಟು ನೆಲಕ್ಕೆ ಕೈಯೂರುತ್ತಿದ್ದರು. ಅವಳು ಗಾಳಿಯಲ್ಲೇ ಮೈ ತಿರುವಿ ಬೆನ್ನಮೇಲೆ ಬಿದ್ದಳು. ಕ್ರ್ಯಾಂಕು ಅವಳ ಎದೆಯ ಮೇಲೆ ಬಿತ್ತು. ಅದರ ಒಂದು ಕೆನ್ನೆ, ಪಕ್ಕಕ್ಕೆ ಚಾಚಿದ ಉಕ್ಕಿನ ಹಲಗೆ, ಅವಳ ತುಟಿಯನ್ನು ಸೀಳಿತು. ತಲೆ ನೆಲಕ್ಕೆ ಬಡಿದ ಸದ್ದು ನನಗೆ ಕೇಳಿಸಿತು. ಆದರೆ ಕ್ರ್ಯಾಂಕು ಸಿಮೆಂಟಿಗೆ ತಾಗಲಿಲ್ಲ. ಬಗ್ಗಿದ ಕ್ರ್ಯಾಂಕು ಗುಜರಿಗೆ ಸೇರುವ ವಸ್ತುವೆಂಬುದು ಅವಳಿಗೆ ತಿಳಿದಿತ್ತು. ಮಲಗಿದಲ್ಲಿಂದಲೇ ಹಿಮ್ಮಡಿಯೂರಿ, ಮೈಯನ್ನು ತೆವಳಿಸಿಕೊಂಡು ಗೆರೆ ದಾಟಿ, ಬಾಯಲ್ಲಿ ತುಂಬಿದ ರಕ್ತವನ್ನು ಹೋರಿಯ ಬೂಟಿನ ಮೇಲೆ ಉಗಿದಳು.

"ದಾಟಿದೆ," ಎಂದಳು. "ಬ್ಲಾಕು ಇಲ್ಲಿಗೆ ತಳ್ಳು."

ಗೇಟಿನ ಹೊರಗೆ ನಿಂತು ನೋಡುತ್ತಿದ್ದ ಪಂಕ್ಚರ್ ಅಂಗಡಿಯವನು ಚಪ್ಪಾಳೆ ತಟ್ಟಿದ. ಆಡಿದ ಮಾತು ಬೀದಿಗೆ ಕೇಳಿಸಿಬಿಟ್ಟಿತ್ತಾದ್ದರಿಂದ ಹೋರಿ ಬ್ಲಾಕನ್ನು ತಳ್ಳಿಕೊಟ್ಟ. ಆದರೆ ತಗ್ಗಿದ ದನಿಯಲ್ಲಿ ನನ್ನ ಕಿವಿಯ ಹತ್ತಿರ ಹೇಳಿದ: "ಅಲೆಮಾರಿ, ಕಟ್ಟು ನೀನು. ಚೆನ್ನಾಗಿ ಕಟ್ಟು. ಗೇಟು ದಾಟೋದು ಮಾತ್ರ ನಾನು ಬದುಕಿರೋ ತನಕ ಇಲ್ಲ."

ಸೂಜಿಯದು ಬೇರೆ ದಾರಿ. ಅವನು ಜಗಳವಾಡಲೇ ಇಲ್ಲ. ತಲೆ, ಪಿಸ್ಟನ್ನು, ರಾಡು ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿ, ತಾನೇ ತಂದು ಗೆರೆಯ ಮೇಲಿಟ್ಟ. "ತಗೋ ಅಕ್ಕಾ. ಎಲ್ಲ ಇದೆ, ಎಣಿಸ್ಕೋ," ಎಂದು ನಕ್ಕ.

"ಇವನು ನಕ್ಕ ಅಂದ್ರೆ ಏನೋ ಬಚ್ಚಿಟ್ಟಿದಾನೆ ಅಂತಲೇ," ಎಂದಳು ಅಕ್ಕ, ಅವನು ಹೋದ ಮೇಲೆ.

ಜೀಪಿನ ಪಕ್ಕದಲ್ಲಿ, ಹಿತ್ತಿಲ ಬಾಗಿಲಿನ ಬೆಳಕು ಬೀಳುವಲ್ಲಿ, ಹಳೆಯ ಕದವೊಂದನ್ನು ಎರಡು ಡ್ರಮ್ಮುಗಳ ಮೇಲಿಟ್ಟು ಮೇಜು ಮಾಡಿಕೊಂಡೆ. ಅದರ ಮೇಲೆ ಬಿಳಿಯ ಬಟ್ಟೆ. ಸವೆದ ಭಾಗಗಳನ್ನು ಬಿಳಿಯ ಬಟ್ಟೆಯ ಮೇಲಿಟ್ಟೇ ನೋಡಬೇಕು. ಕಪ್ಪು ಮೇಜಿನ ಮೇಲೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಕಣ್ಣಿನಿಂದ ಮೊದಲು, ಉಗುರಿನಿಂದ ಆಮೇಲೆ, ಮೈಕ್ರೋಮೀಟರಿನಿಂದ ಕೊನೆಗೆ. ಉಗುರಿಗೆ ಸಿಕ್ಕುವ ಗೀರು ಗಾಯ. ಸಿಕ್ಕದ್ದು ಬರೀ ನೆನಪು. ಇದು ನನಗೆ ಕಲಿಸಿದವರ ಮಾತು.

ಸಿಲಿಂಡರುಗಳ ಮೇಲ್ತುದಿಯಲ್ಲಿ ಬೆರಳಿಗೆ ತಡೆಯುವಂಥ ಏಣು ಎದ್ದಿತ್ತು. ಪಿಸ್ಟನ್ನುಗಳ ಒಂದು ಪಕ್ಕ ಗೀಚಿಹೋಗಿತ್ತು. ವಾಲ್ವುಗಳ ಅಂಚು ಹುಳುಕು ಹಲ್ಲಿನಂತೆ ಕಪ್ಪಾಗಿತ್ತು. ಅಕ್ಕ ತುಟಿಗೆ ಹತ್ತಿ ಒತ್ತಿಕೊಂಡು ಪಕ್ಕದಲ್ಲಿ ನಿಂತು ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಬದುಕತ್ತಾ?"

"ಬದುಕತ್ತೆ. ಉಜ್ಜಬೇಕು."

"ಇದು?"

"ಇದು ಹೋಯ್ತು. ಹೊಸದು ಹಾಕಬೇಕು."

"ಇದರಲ್ಲಿ ಆಟ ಎಷ್ಟಿದೆ?"

ಆಟವೆಂದರೆ ಎರಡು ಲೋಹಗಳ ನಡುವೆ ಸವೆತದಿಂದ ಉಂಟಾಗುವ ಸಡಿಲ. ಪಿಸ್ಟನ್ನನ್ನು ರಾಡಿಗೆ ಸಿಕ್ಕಿಸುವ ಗುಡ್ಜನ್ ಪಿನ್ನನ್ನು ಅಲುಗಿಸಿ ತೋರಿಸಿದೆ. "ನಮ್ಮನೇಲಿ ಇರೋಷ್ಟಿಲ್ಲ ಬಿಡು," ಎಂದು ನಗಲು ಹೋಗಿ, ತುಟಿ ಹಿಡಿದುಕೊಂಡಳು.

ಆಮೇಲೆ ರಾಡುಗಳು. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಈ ನಾಲ್ಕು ಉಕ್ಕಿನ ತೋಳುಗಳ ಬುಡದಲ್ಲಿ ಬೇರಿಂಗಿನ ತೆಳುವಾದ ಚಿಪ್ಪುಗಳಿರುತ್ತವೆ. ಆ ಚಿಪ್ಪುಗಳು ಕ್ರ್ಯಾಂಕಿನ ನಾಲ್ಕು ಕುತ್ತಿಗೆಗಳನ್ನು ಹಿಡಿದಿರುತ್ತವೆ. ಯಾವ ರಾಡು ಯಾವ ಕುತ್ತಿಗೆಯದೆಂದು ಗೊತ್ತಾಗಲಿ ಎಂದು ಪ್ರತಿಯೊಂದರ ಮೇಲೂ ಅಪ್ಪ ಉಳಿಯ ಮೊನೆಯಿಂದ ಚುಕ್ಕೆ ಹೊಡೆದಿದ್ದ. ಒಂದು ಚುಕ್ಕೆ, ಎರಡು, ಮೂರು, ನಾಲ್ಕು. ಜಗತ್ತಿನ ಯಾವ ಫಿಟ್ಟರೇ ಆಗಲಿ ರೇಡಿಯೇಟರಿನ ಕಡೆಯಿಂದ, ಅಂದರೆ ಗಾಡಿಯ ಮೂಗಿನಿಂದ, ಎಣಿಸುತ್ತಾನೆ. ಅದೇ ಕ್ರಮದಲ್ಲಿ ರಾಡುಗಳನ್ನು ಜೋಡಿಸಿ, ಎದುರಿಗೆ ಕ್ರ್ಯಾಂಕನ್ನು ಮಲಗಿಸಿದೆ.

ಒಂದು ಚುಕ್ಕೆಯ ರಾಡಿನ ಚಿಪ್ಪು ಹರಿದುಹೋಗಿತ್ತು. ಎಣ್ಣೆ ಸಿಗದೆ ಉರಿದು, ಬೂದುಬಣ್ಣದ ಪದರ ಸುಲಿದು, ಒಳಗಿನ ತಾಮ್ರ ಕಾಣುತ್ತಿತ್ತು. ಇಂಥ ಚಿಪ್ಪು ತನ್ನ ಕುತ್ತಿಗೆಯನ್ನು ಸುಮ್ಮನೆ ಬಿಡುವುದಿಲ್ಲ. ಕ್ರ್ಯಾಂಕಿನ ಮೊದಲನೆಯ ಕುತ್ತಿಗೆಯ ಮೇಲೆ ಉಗುರು ಎಳೆದೆ. ಕನ್ನಡಿಯಂತೆ ನುಣುಪು.

ಮತ್ತೊಮ್ಮೆ ಎಳೆದೆ. "ಇದೇನಿದು," ಎಂದೆ. "ಈ ಗಾಯ ಈ ಕುತ್ತಿಗೇದಲ್ಲ."

"ಅಂದ್ರೆ?"

"ಚಿಪ್ಪು ಸುಟ್ಟಿದೆ, ಕುತ್ತಿಗೆ ಚೆನ್ನಾಗಿದೆ. ಇವೆರಡೂ ಯಾವತ್ತೂ ಒಟ್ಟಿಗೆ ತಿರುಗಿದ್ದಲ್ಲ. ಸ್ವಲ್ಪ ತಾಳು, ಮಿಕ್ಕ ಮೂರನ್ನೂ ನೋ..."

ಅವಳು ತಾಳಲಿಲ್ಲ. ಅವಳ ಮುಖದಲ್ಲಿ ಇದ್ದ ಬಣ್ಣವೆಲ್ಲ ಇಳಿದು, ಸೀಳಿದ ತುಟಿಯೊಂದೇ ಕೆಂಪಾಗಿ ಉಳಿಯಿತು. "ಬೇರೆ ಇಂಜಿನ್ನಿಂದು ಕೊಟ್ಟಿದಾನೆ," ಎಂದಳು. "ನಗ್ತಾ ನಗ್ತಾ ಕೊಟ್ಟ. ಅಪ್ಪನ ರಾಡು ಮಾರಿಕೊಂಡು, ಯಾವುದೋ ಗುಜರಿದಕ್ಕೆ ಚುಕ್ಕೆ ಹೊಡೆದು ಕೊಟ್ಟಿದಾನೆ."

ಜೀಪಿನ ಮುಂಭಾಗದಲ್ಲಿ ಇಂಜಿನ್ನನ್ನು ಕೈಯಿಂದ ತಿರುಗಿಸಿ ಹೊತ್ತಿಸುವ ಸ್ಟಾರ್ಟಿಂಗ್ ಹ್ಯಾಂಡಲ್ ಒರಗಿಸಿಟ್ಟಿತ್ತು: ಹೆಬ್ಬೆರಳಿನಷ್ಟು ದಪ್ಪದ, ಎರಡು ಕಡೆ ಮಡಿಸಿದ ಉಕ್ಕಿನ ಸರಳು. ಅದನ್ನು ಎತ್ತಿಕೊಂಡು ಗೆರೆ ದಾಟಿದಳು.

ಸೂಜಿ ಮೇಜಿನ ಮೇಲೆ ಎಡಗೈಯೂರಿ, ಬಲಗೈಯಲ್ಲಿ ಯಾವುದೋ ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸುತ್ತಿದ್ದ. ಹೆಜ್ಜೆಯ ಸದ್ದಿಗೆ ತಲೆಯೆತ್ತಿದ. ಏನನ್ನೋ ಹೇಳಲು ಬಾಯಿ ತೆರೆದ. ಮೊದಲ ಏಟು ಬಲಗೈಯ ಮೇಲೆ ಬಿತ್ತು. ಕೈ ಕಾರ್ಬ್ಯುರೇಟರಿಗೂ ಸರಳಿಗೂ ನಡುವೆ ಸಿಕ್ಕಿತ್ತು. ಒಣಗಿದ ಕಡ್ಡಿಯ ಕಂತೆಯನ್ನು ಮೊಣಕಾಲಿಗೆ ಕೊಟ್ಟು ಮುರಿದಂಥ ಸದ್ದಾಯಿತು. ಸ್ಕ್ರೂಡ್ರೈವರು ಹಾರಿ ತಗಡಿಗೆ ಬಡಿಯಿತು. ಎರಡನೆಯದು ಪಕ್ಕೆಗೆ. ಅವನು ಮುದುಡಿಕೊಂಡು ಕುಸಿದ. ಮೂರನೆಯದಕ್ಕೆ ಅವಳು ಸರಳನ್ನು ತಲೆಯ ಮೇಲೆತ್ತಿದಾಗ ನಾನು ಹಿಂದಿನಿಂದ ಹಿಡಿದೆ. ಅವಳ ಮೊಣಕೈ ನನ್ನ ದವಡೆಗೆ ತಾಗಿ ಹಿಂಬದಿಯ ಹಲ್ಲೊಂದು ಮುರಿದು ನಾಲಿಗೆಯ ಮೇಲೆ ಬಿತ್ತು.

ಗೆರೆಯ ಆ ಬದಿಯಲ್ಲಿ ಹೋರಿ ಎರಡೂ ಕೈ ಸೊಂಟಕ್ಕಿಟ್ಟು ನಿಂತಿದ್ದ. "ಇನ್ನೊಂದು ಕೊಡೇ," ಎಂದ ಖುಷಿಯಿಂದ. "ಯಾಕೆ ನಿಲ್ಲಿಸಿದೆ? ನನ್ನ ಕಡೆ ರಕ್ತ ಹಾರಿಸಬೇಡ, ಅಷ್ಟೆ."

"ರಾಡು ಎಲ್ಲೋ?" ಅಕ್ಕ ಕಿರುಚಿದಳು. "ಅಪ್ಪನ ರಾಡು ಎಲ್ಲಿ ಹಾಕಿದೆ?"

ಸೂಜಿ ನೆಲದ ಮೇಲೆ ಕುಳಿತು, ಬಲಗೈಯನ್ನು ಎಡಗೈಯಿಂದ ಹೊಟ್ಟೆಗೆ ಒತ್ತಿಕೊಂಡಿದ್ದ. ಬೆರಳುಗಳು ಬೆರಳುಗಳ ದಿಕ್ಕಿನಲ್ಲಿರಲಿಲ್ಲ. ಅವನು ಅಳುತ್ತಿದ್ದನೋ ನಗುತ್ತಿದ್ದನೋ ಹೇಳುವುದು ಕಷ್ಟವಾಗಿತ್ತು.

"ಕೊಟ್ಟಿದ್ದು ಅಪ್ಪಂದೇ," ಎಂದ. "ನೀವು ಎಣಿಸಿದ್ದು ಯಾವ ಕಡೆಯಿಂದ?"

"ಮೂಗಿನಿಂದ," ಎಂದೆ ನಾನು, ಬಾಯಲ್ಲಿ ಹಲ್ಲಿಟ್ಟುಕೊಂಡೇ.

"ಅಪ್ಪ ಮೂಗಿನಿಂದ ಎಣಿಸಿದ್ದು ನೀನು ಯಾವತ್ತಾದ್ರೂ ನೋಡಿದೀಯಾ, ಅಕ್ಕಾ?" ಉಸಿರು ಎಳೆದಾಗಲೆಲ್ಲ ಅವನ ಪಕ್ಕೆ ಅವನನ್ನು ತಡೆಯುತ್ತಿತ್ತು. "ಫ್ಯಾನ್ ಬೆಲ್ಟ್ ಕೈಗೆ ಸುತ್ತಿಕೊಂಡು ಅಲ್ಲಿ ಗೋಡೆಗೆ ನಮ್ಮನ್ನ ಸಾಲಾಗಿ ನಿಲ್ಲಿಸ್ತಿದ್ದನಲ್ಲ, ಒಂದು ಅಂತ ಯಾರಿಗೆ ಬೀಳ್ತಿತ್ತು? ನನಗೆ. ಎರಡು ಇವನಿಗೆ. ಮೂರು ಅಂತ ನಿನ್ನ ಹತ್ರ ಬರೋ ಹೊತ್ತಿಗೆ ಅವನ ತೋಳು ಸೋತಿರ್ತಿತ್ತು. ನಿನಗೆಲ್ಲಿ ನೆನಪಿರತ್ತೆ? ನೀನು ಮೂರನೇದು. ಅವನದು ಎಲ್ಲಾ ಲೆಕ್ಕ ಹಿಂದಿನಿಂದ. ಮಕ್ಕಳೂ ಅಷ್ಟೆ, ರಾಡೂ ಅಷ್ಟೆ. ಹಿಂದುಗಡೆ ಫ್ಲೈವೀಲ್ ಇರೋ ಕಡೆಯದು ಒಂದು."

ಹೋರಿಯ ಕೈ ಸೊಂಟದಿಂದ ತಾನಾಗಿ ಕೆಳಗಿಳಿದಿತ್ತು.

ನಾನು ಮೇಜಿಗೆ ಮರಳಿ ರಾಡುಗಳ ಸಾಲನ್ನು ತಿರುವಿಹಾಕಿದೆ. ಒಂದು ಚುಕ್ಕೆಯ ಸುಟ್ಟ ಚಿಪ್ಪಿನೆದುರು ಈಗ ಹಿಂಬದಿಯ ಕೊನೆಯ ಕುತ್ತಿಗೆ ಬಂತು. ಅದರ ಮೇಲೆ ಉಗುರು ಇಳಿಯುವಷ್ಟು ಆಳದ ಗಾಯ. ಎರಡು ಚುಕ್ಕೆಯ ಚಿಪ್ಪಿನಲ್ಲಿ ಮರಳಿನ ಕಣವೊಂದು ಹೂತು ಗೆರೆ ಕೊರೆದಿತ್ತು. ಎದುರಿನ ಕುತ್ತಿಗೆಯಲ್ಲಿ ಅದೇ ಎತ್ತರದಲ್ಲಿ ಅದೇ ಗೆರೆ. ಮೂರು, ನಾಲ್ಕು, ಎಲ್ಲವೂ ಬೀಗಕ್ಕೆ ಕೀಲಿಯಂತೆ ಹೊಂದಿಕೊಂಡವು. ಆ ರಾಡುಗಳು ಆ ಕ್ರ್ಯಾಂಕಿನವೇ.

ಅಕ್ಕ ಬಂದು ನೋಡಿದಳು. ನಾನೇನೂ ಹೇಳಬೇಕಾಗಲಿಲ್ಲ. ತನ್ನ ಉಗುರಿನಿಂದ ತಾನೇ ಆ ಕೊನೆಯ ಕುತ್ತಿಗೆಯನ್ನು ಒಮ್ಮೆ ಗೀರಿ, ಹಿತ್ತಿಲಿಗೆ ಹೋಗಿ ವಾಂತಿ ಮಾಡಿಕೊಂಡಳು. ಬಾಯಿ ಒರೆಸಿಕೊಂಡು ಬಂದವಳು ಸೂಜಿಯೆದುರು ಕುಕ್ಕರಗಾಲಿನಲ್ಲಿ ಕುಳಿತಳು.

"ಗೊತ್ತಿದ್ದೂ ಯಾಕೋ ಹೇಳಲಿಲ್ಲ?"

"ಯಾಕೆ ಹೇಳಲಿ?" ಎಂದ ಸೂಜಿ. ಅವನ ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. "ನೀನು ಹೋಗ್ತೀಯ, ನಾನು ಇವನ ಜೊತೆ ಬಿದ್ದಿರಬೇಕು. ಮೇಸ್ತ್ರಿ ತಿರುಗಾಮುರುಗಾ ಕಟ್ಟಲಿ, ಅರ್ಧ ಬೆಟ್ಟ ಹತ್ತಿದ ಮೇಲೆ ಇಂಜಿನ್ ಹಿಡ್ಕೊಂಡು ನಿಲ್ಲಲಿ, ನೀನು ಅಲ್ಲಿಂದ ನಡ್ಕೊಂಡು ವಾಪಸ್ ಬಾ ಅಂತಲೇ ಇದ್ದೆ."

ಅವನ ಎಣಿಕೆ ತಪ್ಪಿರಲಿಲ್ಲ. ಆ ಇಂಜಿನ್ನಿನ ರಾಡುಗಳ ಬುಡ ಒಂದು ಪಕ್ಕಕ್ಕೆ ಕೊಂಚ ಸರಿದಿರುತ್ತದೆ. ಸಾಲು ಹಿಂದುಮುಂದಾದರೆ ಕ್ರ್ಯಾಂಕಿನ ಕೆನ್ನೆಗೆ ಉಜ್ಜಿ ಉಜ್ಜಿ ಒಂದು ದಿನ ಕಚ್ಚಿಕೊಳ್ಳುತ್ತದೆ.

"ನೀನು ಮಾಡಿದ್ದು ತಪ್ಪು," ಎಂದಳು ಅಕ್ಕ.

"ಹೌದು."

"ನಾನು ಮಾಡಿದ್ದು?"

ಅವನು ಬಲಗೈಯನ್ನು ಹೊಟ್ಟೆಯಿಂದ ಬಿಡಿಸಿ ಅವಳ ಮುಖದ ಮುಂದೆ ಹಿಡಿದ. "ಬದುಕತ್ತಾ, ಮೇಸ್ತ್ರೀನ ಕೇಳು," ಎಂದ.

ಬದುಕಲಿಲ್ಲವೆಂದೇ ಹೇಳಬೇಕು. ಡಾಕ್ಟರು ಮೂಳೆ ಕೂಡಿಸಿ, ಮೊಣಕೈತನಕ ಪ್ಲಾಸ್ಟರು ಮೆತ್ತಿ, ಎರಡು ಬೆರಳು ಇನ್ನು ಮಡಚುವುದಿಲ್ಲವೆಂದು ಹೇಳಿ ಕಳುಹಿಸಿದರು. ಸ್ಕ್ರೂ ಹಿಡಿದು ಬದುಕುವವನಿಗೆ ಅವೆರಡು ಬೆರಳೇ ಅಂಗಡಿ. ಮರುದಿನವೇ ಹೋರಿ ಡಬ್ಬಿ, ಕುಂಚ ತಂದು ಹಳದಿ ಗೆರೆಯನ್ನು ಬಲಕ್ಕೆ ಸರಿಸಿ ಎಳೆದ. ಸೂಜಿಯ ಪಾಲಿಗೆ ಮೇಜಿನಷ್ಟು ಅಗಲ ಉಳಿಯಿತು.

"ಒಂದು ಕೈಗೆ ಅರ್ಧ ಜಾಗ," ಎಂದ. "ನ್ಯಾಯ ಅಂದ್ರೆ ನ್ಯಾಯ."

ಸೂಜಿ ಎಡಗೈಯಿಂದ ಆ ಬಣ್ಣದ ಡಬ್ಬಿಯನ್ನೆತ್ತಿ ಹೋರಿಯ ತಲೆಗೆ ಬೀಸಿದ. ಹೋರಿ ಅವನನ್ನು ಪ್ಲಾಸ್ಟರು ಹಿಡಿದೇ ಗೋಡೆಗೆ ಎಸೆದ. ಆಗ ಸೂಜಿಯ ಬಾಯಿಂದ ಹೊರಟ ಸದ್ದನ್ನು ಬಣ್ಣಿಸಲು ನನ್ನ ಬಳಿ ಪದವಿಲ್ಲ.

ಕ್ರ್ಯಾಂಕು ಲೇತಿಗೆ ಹೋಗಿ ಕುತ್ತಿಗೆಗಳನ್ನು ಸಮಮಾಡಿಸಿಕೊಂಡು ಬಂತು. ರಾಡುಗಳಿಗೆ ಹೊಸ ಚಿಪ್ಪು, ಪಿಸ್ಟನ್ನುಗಳಿಗೆ ಹೊಸ ಉಂಗುರ. ಅಕ್ಕ ವಾಲ್ವುಗಳನ್ನು ತಾನೇ ಉಜ್ಜಿದಳು. ಉಜ್ಜುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ತಮ್ಮಂದಿರ ತಟ್ಟೆಗಳನ್ನು ತೊಳೆಯುವುದನ್ನೂ ನಿಲ್ಲಿಸಿದಳು, ಸೂಜಿಯದೊಂದರ ಹೊರತು. ಅವನಿಗೆ ತುತ್ತು ಕಲಸಿಟ್ಟು ಹೋಗುತ್ತಿದ್ದಳು. ಅವನು ಅದನ್ನು ಉಣ್ಣುತ್ತಿದ್ದ. ಹಿಂದಿನಿಂದ ಎಣಿಸುತ್ತ ನಾನು ರಾಡುಗಳನ್ನು ಬಿಗಿದೆ. ಕ್ರ್ಯಾಂಕು ಬೆರಳ ಒತ್ತಿಗೆ ತಿರುಗಿತು. ಆಟವೆಷ್ಟಿರಬೇಕೋ ಅಷ್ಟೇ ಇತ್ತು.

ತಿಂಗಳು ಮುಗಿಯುತ್ತ ಬಂದ ಒಂದು ಬೆಳಗ್ಗೆ ಇಂಜಿನ್ನು ಜೀಪಿನ ಮೂಗಿನೊಳಗೆ ಕುಳಿತಿತ್ತು. ಅಕ್ಕ ತನ್ನ ಟ್ರಂಕನ್ನು ಹಿಂದಿಟ್ಟು, ಸ್ಟಾರ್ಟಿಂಗ್ ಹ್ಯಾಂಡಲನ್ನು ಜೀಪಿನ ಮೂಗಿನಡಿಯ ತೂತಿಗೆ ಸಿಕ್ಕಿಸಿದಳು. ಅದು ನಡುವಿನಲ್ಲಿ ಕೊಂಚ ಬಾಗಿತ್ತು. ಎಲ್ಲಿ ಬಾಗಿತೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

"ಹೆಬ್ಬೆರಳು," ಎಂಬ ದನಿ ಬಂತು. ಸೂಜಿ ತನ್ನ ಮೇಜಿನಷ್ಟಗಲದ ರಾಜ್ಯದಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದ. "ಹೆಬ್ಬೆರಳು ಸುತ್ತಬೇಡ. ಬೆರಳುಗಳ ಕಡೆಗೇ ಇಟ್ಕೋ. ಹಿಂದಕ್ಕೆ ಒದ್ದರೆ ನಿನ್ನದೂ ನನ್ನ ಹಾಗೇ ಆಗತ್ತೆ."

ಅವಳು ಹೆಬ್ಬೆರಳನ್ನು ಬಿಡಿಸಿ ಈಚೆಗೆ ಇಟ್ಟುಕೊಂಡಳು. ಎಳೆದಳು. ಮತ್ತೆ ಎಳೆದಳು. ಹ್ಯಾಂಡಲು ಒಮ್ಮೆ ಹಿಂದಕ್ಕೆ ಒದ್ದು ಅವಳ ಅಂಗೈಯಿಂದ ಕಿತ್ತುಕೊಂಡು ಹೋಯಿತು, ಹೆಬ್ಬೆರಳು ಉಳಿಯಿತು. ಆಮೇಲಿನ ಎಳೆತಕ್ಕೆ ಇಂಜಿನ್ನು ಕೆಮ್ಮಿ, ನೀಲಿ ಹೊಗೆ ಉಗುಳಿ, ತಗಡನ್ನೆಲ್ಲ ನಡುಗಿಸುತ್ತ ಹತ್ತಿಕೊಂಡಿತು.

ಹೋರಿ ಗೇಟಿಗೆ ಬೆನ್ನು ಕೊಟ್ಟು ನಿಂತಿದ್ದ. ಇಂಜಿನ್ ಎತ್ತುವ ಸರಪಳಿಯನ್ನು ಮುಷ್ಟಿಗೆ ಸುತ್ತಿಕೊಂಡಿದ್ದ. ಉಳಿದ ತುದಿ ನೆಲದ ಮೇಲೆ ತೆವಳುತ್ತಿತ್ತು.

"ಇಂಜಿನ್ನು ನನ್ನ ಪಾಲಿಂದು," ಎಂದು ಅರಚಿದ. "ಗಾಡಿ ತಳ್ಕೊಂಡು ಹೋಗು, ಯಾರು ಬೇಡ ಅಂದ್ರು?"

ಅಕ್ಕ ನಾಲ್ಕು ಚಕ್ರದ ಗೇರನ್ನು ಹಾಕಿ, ಜೀಪನ್ನು ನಡಿಗೆಯ ವೇಗದಲ್ಲಿ ಮುಂದೆ ಬಿಟ್ಟಳು. ಬಂಪರು ಹೋರಿಯ ತೊಡೆಗಳಿಗೆ ತಾಗಿತು. ಅವನು ಬಾನೆಟ್ಟಿನ ಮೇಲಿಂದ ಸರಪಳಿ ಬೀಸಿದ. ಮುಂದಿನ ಗಾಜು ಒಡೆದು ಅವಳ ಮಡಿಲಿಗೆ ಸುರಿಯಿತು. ಜೀಪು ನಿಲ್ಲಲಿಲ್ಲ. ಬಂಪರಿಗೂ ಗೇಟಿಗೂ ನಡುವೆ ಸಿಕ್ಕುವ ಹೊತ್ತಿಗೆ ಅವನು ಪಕ್ಕಕ್ಕೆ ಹಾರಿದ. ಗೇಟು ಮಾತ್ರ ಅಗುಳಿ ಹಾಕಿಯೇ ಇತ್ತು; ಅದರೆದುರು ಅಕ್ಕ ಬ್ರೇಕು ತುಳಿದಳು.

ಆಗ ಸ್ಟೂಲಿನಿಂದೆದ್ದು ಬಂದವನು ಸೂಜಿ. ಎಡಗೈಯಿಂದ ಅಗುಳಿ ಎಳೆದು, ಗೇಟನ್ನು ಹೆಗಲಿನಿಂದ ತಳ್ಳಿ ತೆರೆದ. "ಹೋಗು, ಮೂರನೇದೇ," ಎಂದ ಅವಳಿಗೆ.

ಜೀಪು ಹೊಸಿಲು ದಾಟಿ ಬೀದಿಗಿಳಿಯಿತು. ಅವಳು ಹೊರಗಿದ್ದಳು. ಬೆಟ್ಟದ ದಾರಿ ಎದುರಿಗೇ ಇತ್ತು. ಹೋರಿ ಗೇಟಿನ ಬಳಿ ಸೂಜಿಯ ಪ್ಲಾಸ್ಟರು ಹಿಡಿದು ಕೆಳಗೆಳೆದು, ಬೂಟಿನಿಂದ ಅದರ ಮೇಲೆ ತುಳಿದ. ಸುಣ್ಣದ ಹೆಂಟೆಗಳು ಉದುರಿದವು. ಮತ್ತೆ ತುಳಿದ. "ಒಂದು," ಎಂದ, ಅಪ್ಪನ ದನಿಯಲ್ಲಿ.

ಬೀದಿಯಲ್ಲಿ ಬ್ರೇಕಿನ ಕಿರಿಚು ಕೇಳಿಸಿತು. ಅವಳು ಇಂಜಿನ್ ಆರಿಸಲಿಲ್ಲ. ಗೇರು ತೆಗೆದು, ಹ್ಯಾಂಡಲನ್ನು ಹಿಡಿದು ಇಳಿದು ಬಂದಳು. ಬಂದು ಹೋರಿಯೆದುರು ನಿಂತಳು.

"ಅವನನ್ನ ಬಿಡು," ಎಂದಳು. "ಈ ಸಲ ದೊಡ್ಡದರಿಂದ ಶುರು ಮಾಡು."

ಅವನು ಮಾಡಿದ. ಸರಪಳಿ ಅವಳ ಎಡಗಿವಿಯಿಂದ ಹೆಗಲಿನವರೆಗೆ ಇಳಿಯಿತು. ಕಿವಿಯ ತುದಿ ಹರಿದು ಜೋತುಬಿತ್ತು. ಅವಳು ಕಣ್ಣು ಮುಚ್ಚಲಿಲ್ಲ. ಅವನು ಮತ್ತೆ ಬೀಸಲು ತೋಳನ್ನು ಹಿಂದಕ್ಕೆಳೆದಾಗ, ಹ್ಯಾಂಡಲಿನ ಮಡಿಕೆಯನ್ನು ಅವನ ಮೊಣಕಾಲಿನ ಪಕ್ಕಕ್ಕೆ ಬೀಸಿದಳು. ಒಂದೇ ಸಲ. ಮೊಣಕಾಲು ಯಾವ ಕಡೆಗೆ ಮಡಚಬಾರದೋ ಆ ಕಡೆಗೆ ಮಡಚಿತು. ಹೋರಿ ತನ್ನ ಹಳದಿ ಗೆರೆಯ ಮೇಲೆ ಅಡ್ಡಬಿದ್ದ.

"ಏಳೋ," ಎಂದಳು ಸೂಜಿಗೆ.

"ಒಂದು ಕೈಯವನು ಅಲ್ಲಿ ಏನು ಮಾಡಲಿ?"

"ಹಿಂದೆ ಕೂತು ಎಣಿಸು. ನೀರಿನ ಡ್ರಮ್ಮು ಎಷ್ಟಿದೆ ಅಂತ ಯಾವ ಕಡೆಯಿಂದಾದ್ರೂ ಎಣಿಸು. ಏಳು, ಇಂಜಿನ್ ಬಿಸಿಯಾಗ್ತಿದೆ."

ಅವನು ಎದ್ದ. ಅವಳು ಅವನ ಎಡತೋಳಿಗೆ ಹೆಗಲು ಕೊಟ್ಟಳು. ಅವಳ ಕಿವಿಯ ರಕ್ತ ಅವನ ಅಂಗಿಗೆ ಹತ್ತಿತು. ಒಳಗೆ ಕೂತ ಮೇಲೂ ಇಬ್ಬರೂ ಬೈದಾಡಿಕೊಳ್ಳುತ್ತಲೇ ಇದ್ದರು. ಜೀಪು ತಿರುವಿನಲ್ಲಿ ಮರೆಯಾದ ಮೇಲೂ ನನ್ನ ಕಿವಿ ಅದನ್ನೇ ಹಿಂಬಾಲಿಸಿತ್ತು: ಏರು ಸಿಕ್ಕಾಗ ಇಂಜಿನ್ನಿನ ದನಿ ದಪ್ಪವಾಯಿತು, ಒಡೆಯಲಿಲ್ಲ. ನಾಲ್ಕೂ ರಾಡುಗಳು ತಂತಮ್ಮ ಕುತ್ತಿಗೆಗಳನ್ನು ಸರಿಯಾಗಿಯೇ ಹಿಡಿದಿದ್ದವು.

ಪಂಕ್ಚರ್ ಅಂಗಡಿಯವನು ಹೋರಿಗೆ ನೀರು ಕುಡಿಸಿ, ಡಾಕ್ಟರನ್ನು ಕರೆಯಲು ಓಡಿದ. ನಾನು ಹಿತ್ತಿಲ ಬಾಗಿಲಿಗೆ ಹೋಗಿ ಬಿಳಿಯ ಬಟ್ಟೆಯನ್ನು ಕೊಡವಿ ಮಡಿಸಿದೆ. ಸ್ಪ್ಯಾನರುಗಳನ್ನು ಒರೆಸಿ ಒಂದೊಂದಾಗಿ ಚೀಲಕ್ಕೆ ಸೇರಿಸಿದೆ. ಮೈಕ್ರೋಮೀಟರನ್ನು ಅದರ ಮರದ ಪೆಟ್ಟಿಗೆಯಲ್ಲಿ ಮಲಗಿಸಿ ಚಿಲಕ ಹಾಕಿದೆ. ಮುರಿದ ಹಲ್ಲಿನ ಗುಳಿಗೆ ನಾಲಿಗೆ ಹೋಗಿ ಹೋಗಿ ಬರುತ್ತಿತ್ತು.

"ಅಲೆಮಾರಿ," ಎಂದ ಹೋರಿ ನೆಲದಿಂದಲೇ, ಹಲ್ಲು ಕಚ್ಚಿ. "ಮೂಲೇಲಿ ಒಂದು ಟ್ರ್ಯಾಕ್ಟರ್ ಇಂಜಿನ್ ಬಿದ್ದಿದೆ. ನಾನು ಏಳೋ ತನಕ ಇದ್ದು ಕಟ್ಟಿಕೊಡ್ತೀಯ?"

"ಅದಕ್ಕೆ ಚುಕ್ಕೆ ಹೊಡೆದೋರು ಯಾರು?"

"ನಾನೇ."

"ಯಾವ ಕಡೆಯಿಂದ?"

ಅವನು ತಗಡಿನ ಮಾಡನ್ನು ನೋಡುತ್ತ ಬೆರಳು ಮಡಿಸಿ, ಒಮ್ಮೆ ಆ ಕಡೆಯಿಂದ, ಒಮ್ಮೆ ಈ ಕಡೆಯಿಂದ ಎಣಿಸಿದ. "ಜ್ಞಾಪಕ ಇಲ್ಲ," ಎಂದ ಕೊನೆಗೆ.

ನಾನು ಚೀಲವನ್ನು ಹೆಗಲಿಗೇರಿಸಿ, ಅವನ ಕಾಲನ್ನು ದಾಟಿ, ತೆರೆದೇ ಇದ್ದ ಗೇಟಿನಿಂದ ಹೊರಬಿದ್ದು ಬಸ್ ನಿಲ್ದಾಣದ ದಾರಿ ಹಿಡಿದೆ.